ಸುಟ್ಟ ಗಾಯದ ಶುಶ್ರೂಷೆ: ಸುಶ್ರುತನಿಂದ ಸೋಲಾಪುರದ ವರೆಗೆ

ಬೆಂಕಿಯಿಲ್ಲದ ಮನೆಯಿಲ್ಲ, ಬೆಂಕಿ ತಾಕದ ಕೈಯೂ ಇಲ್ಲ. ರೊಟ್ಟಿ ಬಡಿಯುವ ನಮ್ಮ ತಾಯಂದಿರ ಬೆರಳ ತುದಿಗಳನ್ನು ನೋಡಿದರೆ ಸಾಕು, ಹಂಚಿನ ಕಾವು ಅಲ್ಲಿ ಎಷ್ಟು ವರ್ಷಗಳಿಂದ ತನ್ನ ಗುರುತನ್ನು ಬರೆಯುತ್ತ ಬಂದಿದೆಯೆಂಬುದು ತಿಳಿಯುತ್ತದೆ. ಇಂಥ ಚಿಕ್ಕ ಸುಡುವಿಕೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ. ಆದರೆ ಹಂಡೆಯ ಕುದಿನೀರು ಕೂಸಿನ ಮೇಲೆ ಬಿದ್ದಾಗ, ಸೀರೆಯ ಸೆರಗಿಗೆ ಒಲೆಯ ಉರಿ ಹತ್ತಿದಾಗ, ಕಣಿಕೆಯ ಬಣವಿಗೆ ಬಿದ್ದ ಬೆಂಕಿಯನ್ನು ಆರಿಸಹೋದವನೇ ಸುಟ್ಟುಕೊಂಡು ಬಂದಾಗ ಓಣಿಗೆ ಓಣಿಯೇ ದಿಕ್ಕುಗೆಟ್ಟು ನಿಲ್ಲುತ್ತದೆ. ಆಗ ಹತ್ತು ಜನ ಕೂಡಿದರೆ ಹತ್ತು ಮದ್ದು. ಒಬ್ಬರು ಶಾಯಿ ಎನ್ನುವರು, ಒಬ್ಬರು ಹಲ್ಲುಜ್ಜುವ ಪೇಸ್ಟ್ ಎನ್ನುವರು, ಮತ್ತೊಬ್ಬರು ಬೂದಿ, ಮಗದೊಬ್ಬರು ಕೆಸರು.

ಸಂಘದವರು ಈ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಿರೆಂದು ಕೇಳಿದಾಗ, ಜತ್ತ ಸಂಸ್ಥಾನದ ಡಫಳೆ ಮನೆತನದ ವಿಷಯವನ್ನೋ ಗುಡ್ಡಾಪುರದ ದಾನಮ್ಮದೇವಿಯ ಕ್ಷೇತ್ರದ ವಿಷಯವನ್ನೋ ಬರೆಯಬಹುದಾಗಿತ್ತು. ಅವುಗಳನ್ನು ನನಗಿಂತ ಬಲ್ಲವರು ಬರೆದಿದ್ದಾರೆ, ಬರೆಯುತ್ತಲೂ ಇದ್ದಾರೆ. ನಾನಾದರೋ ಅರಸರ ಚರಿತ್ರೆಯನ್ನು ಬಿಟ್ಟು ಗಾಯದ ಚರಿತ್ರೆಯನ್ನು ಎತ್ತಿಕೊಂಡಿದ್ದೇನೆ. ಭಾಷೆಯ ಮಾಸ್ತರನಿಗೆ ವೈದ್ಯಶಾಸ್ತ್ರದ ಉಸಾಬರಿ ಏಕೆಂದು ಕೇಳುವವರಿಗೆ ಲೇಖನದ ಕೊನೆಯ ಭಾಗದಲ್ಲಿ ಉತ್ತರ ದೊರೆತೀತು.

ಮೊದಲು ನನ್ನ ಸ್ವಂತದೊಂದು ಮಾತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಔಷಧದ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು, ಬತ್ತಿ ಸೇರಿಸಿ ಮಾಡಿದ ಚಿಮಣಿಯೇ ದೀಪ. ಒಂದು ಸಂಜೆ ಓದುತ್ತ ತೂಕಡಿಸಿದೆ. ಚಿಮಣಿ ಉರುಳಿ ಎಣ್ಣೆಯೆಲ್ಲ ಎಡ ಮುಂಗೈಯ ಮೇಲೆ ಚೆಲ್ಲಿ ಹತ್ತಿಕೊಂಡಿತು. ಆಯಿ ಗೋಣಿತಟ್ಟು ಹೊದಿಸಿ ಬೆಂಕಿ ಆರಿಸಿದಳು, ಕೊಡದ ಕಡೆಗೆ ಓಡಿದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರೆದವರು ಒಂದೇ ದನಿಯಿಂದ, "ನೀರ ಹಾಕಬ್ಯಾಡ್ರಿ, ಗುಳ್ಳಿ ಏಳತಾವ!" ಎಂದು ಕೂಗಿದರು. ತಂಬಿಗೆ ಹಿಡಿದ ಆಯಿಯ ಕೈ ಹಾಗೆಯೇ ನಿಂತಿತು. ನನ್ನ ಪಾಟೀಚೀಲದಲ್ಲಿದ್ದ ಶಾಯಿಯ ದೌತಿಯನ್ನೇ ತೆಗೆದು ಗಾಯದ ಮೇಲೆ ಸುರಿದರು. ಮರುದಿವಸ ದವಾಖಾನೆಯಲ್ಲಿ ಆ ಶಾಯಿಯನ್ನು ತೊಳೆಯುವಾಗ ಪಟ್ಟ ಯಾತನೆ ಸುಟ್ಟಾಗಲೂ ಆಗಿರಲಿಲ್ಲ. "ನೀಲಿ ಬಳಿದ ಮೇಲೆ ಗಾಯ ಎಷ್ಟು ಆಳ ಐತಿ ಅಂತ ನಾ ಹ್ಯಾಂಗ ನೋಡ್ಲಿ?" ಎಂದು ಡಾಕ್ಟರು ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ. ಆಯಿಯ ಬುದ್ಧಿಯೇ ಸರಿಯಾಗಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಇನ್ನು ಶಾಸ್ತ್ರದ ಕಡೆಗೆ ಬರೋಣ. ನಮ್ಮ ದೇಶದಲ್ಲಿ ಸುಟ್ಟ ಗಾಯಗಳನ್ನು ಕುರಿತು ವ್ಯವಸ್ಥಿತವಾಗಿ ಹೇಳಿದ ಹಳೆಯ ಗ್ರಂಥ ಸುಶ್ರುತಸಂಹಿತೆ. ಅದರ ಸೂತ್ರಸ್ಥಾನದ 12ನೆಯ ಅಧ್ಯಾಯವಾದ ಅಗ್ನಿಕರ್ಮವಿಧಿಯಲ್ಲಿ ಆಚಾರ್ಯನು ದಗ್ಧವನ್ನು ನಾಲ್ಕಾಗಿ ವಿಂಗಡಿಸುತ್ತಾನೆ: ಬಣ್ಣಗೆಟ್ಟು ಉರಿಯುವದು ಪ್ಲುಷ್ಟ, ಗುಳ್ಳೆಗಳೆದ್ದು ಕೆಂಪಾಗಿ ಕೀವುಗೂಡುವದು ದುರ್ದಗ್ಧ, ಬಹಳ ಆಳಕ್ಕಿಳಿಯದೆ ತಾಳೆಯ ಹಣ್ಣಿನ ಬಣ್ಣಕ್ಕೆ ತಿರುಗುವದು ಸಮ್ಯಗ್ದಗ್ಧ, ಮಾಂಸ ಜೋತುಬಿದ್ದು ಸ್ನಾಯು ಸಂಧಿ ಅಸ್ಥಿಗಳ ವರೆಗೆ ಕೆಡುವದು ಅತಿದಗ್ಧ. ಗಾಯದ ಆಳವನ್ನು ನೋಡಿ ಚಿಕಿತ್ಸೆಯನ್ನು ನಿರ್ಧರಿಸಬೇಕೆಂಬ ಈ ತತ್ತ್ವವನ್ನು ಇಂದಿನ ವೈದ್ಯರೂ ಬಿಟ್ಟಿಲ್ಲ. ಅತಿದಗ್ಧದ ಲಕ್ಷಣಗಳಲ್ಲಿ ಜ್ವರ, ದಾಹ, ಬಾಯಾರಿಕೆ, ಮೂರ್ಛೆಗಳನ್ನು ಹೇಳಿರುವದನ್ನು ವಾಚಕರು ನೆನಪಿನಲ್ಲಿಡಬೇಕು. ಆ ಬಾಯಾರಿಕೆಯ ಕಾರಣ ತಿಳಿಯಲು ಲೋಕ ಬಹಳ ಕಾಲ ಕಾಯಬೇಕಾಯಿತು. ಅದೇ ಅಧ್ಯಾಯದಲ್ಲಿ ಹೊಗೆ ಕುಡಿದವನ ಲಕ್ಷಣಗಳೂ ಇವೆ. ಬೆಂಕಿಯ ಅನಾಹುತಗಳಲ್ಲಿ ಉರಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುವದೆಂದು ಈಗ ಎಲ್ಲರೂ ಹೇಳುವರು. ಮದ್ದುಗಳಲ್ಲಿ ತುಪ್ಪ, ಚಂದನ, ಮಂಜಿಷ್ಠಗಳೊಡನೆ ಜೇನುಮೇಣವೂ ಬರುತ್ತದೆ.

ಹಾಗೆಂದು ಹಳೆಯದೆಲ್ಲವೂ ಸರಿಯೆಂದು ಹೇಳುವ ಗುಂಪಿಗೆ ನಾನು ಸೇರಿದವನಲ್ಲ. ಪ್ಲುಷ್ಟಕ್ಕೆ ಆಚಾರ್ಯನು ವಿಧಿಸಿದ್ದು ಕಾಸುವದನ್ನು. ತಣ್ಣೀರು ರಕ್ತವನ್ನು ಹೆಪ್ಪುಗಟ್ಟಿಸುವದೆಂಬುದು ಅವನ ಕಾರಣ. ನಮ್ಮ ಓಣಿಯವರ "ನೀರ ಹಾಕಬ್ಯಾಡ್ರಿ" ಎಂಬ ಕೂಗಿನ ಬೇರು ಅಷ್ಟು ಹಿಂದಕ್ಕೆ ಹೋಗಿದ್ದರೂ ಹೋಗಿರಬಹುದೆಂದು ನನಗೊಂದು ಸಂಶಯ. ಇಂದಿನ ಪರೀಕ್ಷೆಗಳು ಇದಕ್ಕೆ ನೇರ ವಿರುದ್ಧವಾದುದನ್ನು ತೋರಿಸಿವೆ. ಸುಟ್ಟ ಭಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಟ್ಟರೆ ಗಾಯ ಆಳಕ್ಕಿಳಿಯುವದು ಕಡಮೆಯಾಗುತ್ತದೆ. ಸುಟ್ಟು ಮೂರು ತಾಸಿನೊಳಗೆ ಯಾವಾಗ ಮಾಡಿದರೂ ಉಪಯೋಗವುಂಟು. ಬೆಂಕಿ ಆರಿದ ಮೇಲೆಯೂ ಚರ್ಮದೊಳಗಿನ ಕಾವು ಕೆಳಗಿನ ಪದರುಗಳನ್ನು ಬೇಯಿಸುತ್ತಲೇ ಇರುವದರಿಂದ, ಆ ಕಾವನ್ನು ಹೊರಕ್ಕೆ ತೆಗೆಯುವದೇ ಮೊದಲ ಮದ್ದು. ಬರ್ಫ ಮಾತ್ರ ಕೂಡದು. ಅದು ಗಾಯವನ್ನು ಇನ್ನಷ್ಟು ಕೆಡಿಸುತ್ತದೆ. ಗುಳ್ಳೆ ಏಳುವದು ನೀರಿನಿಂದಲ್ಲ, ಸುಟ್ಟದ್ದರಿಂದ.

ಜತ್ತ ಸೀಮೆಯ ಜನರಿಗೆ ಹೊಸ ವೈದ್ಯದ ಬಾಗಿಲು ತೆರೆದದ್ದು ಮಿರಜೆಯಲ್ಲಿ. ಕೆನಡಾದಿಂದ ಬಂದ ಮಿಶನರಿ ಡಾಕ್ಟರ ವಿಲಿಯಮ್ ವಾನ್ಲೆಸ್ ಅವರು ಅಲ್ಲಿ 1894ರಲ್ಲಿ ದವಾಖಾನೆಯನ್ನು ತೆರೆದು 1928ರ ವರೆಗೆ ದುಡಿದರು. ನಮ್ಮ ಹಳ್ಳಿಗಳಿಂದ ಅಲ್ಲಿಗೆ ಬಂಡಿಯ ಹಾದಿ. 1927ರಲ್ಲಿ ಬಾರ್ಶಿ ಲೈಟ್ ರೇಲ್ವೆಯ ಕಿರಿದಾದ ಹಳಿ ಮಿರಜೆಯನ್ನು ಮುಟ್ಟಿದ ಮೇಲೆ 'ಜತ್ತ ರೋಡ' ಎಂಬ ಸ್ಟೇಶನ್ನೇನೋ ಆಯಿತು. ಅದು ಹೆಸರಿಗೆ ಜತ್ತ, ಊರಿಗೆ ದೂರ. ಸುಟ್ಟ ಮನುಷ್ಯನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಅಷ್ಟು ದೂರ ಕೊಂಡೊಯ್ಯುವದು ಸುಮ್ಮನೆಯ ಮಾತಲ್ಲ. ಆದುದರಿಂದ ಬಹುಮಟ್ಟಿಗೆ ಮನೆಯ ಮದ್ದೇ ಗತಿ. ಅವುಗಳಲ್ಲಿ ಹೆಸರಾದದ್ದು ಸುಣ್ಣದ ತಿಳಿನೀರನ್ನು ಕೊಬ್ಬರಿ ಎಣ್ಣೆಯಲ್ಲಿ ಕಡೆದು ಬೆಣ್ಣೆಯಂತೆ ಮಾಡಿ ಸವರುವದು.

ಇದು ಬರಿಯ ಹಳ್ಳಿಗರ ಮದ್ದೆಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ತಿಳಿಯಬೇಕು. ಸ್ಕಾಟ್ಲಂಡದ ಕ್ಯಾರನ್ ಎಂಬ ಕಬ್ಬಿಣದ ಕಾರಖಾನೆಯಲ್ಲಿ ಕರಗಿದ ಕಬ್ಬಿಣ ಸಿಡಿದು ಸುಟ್ಟುಕೊಂಡ ಕೂಲಿಕಾರರಿಗೆ ಹಚ್ಚುತ್ತಿದ್ದುದು ಸುಣ್ಣದ ತಿಳಿನೀರು ಮತ್ತು ಅಗಸೆಯ ಎಣ್ಣೆ. ಕಾರಖಾನೆಯ ಹೆಸರಿನಿಂದಲೇ ಅದು ಕ್ಯಾರನ್ ಎಣ್ಣೆಯೆಂದು ಲೋಕಪ್ರಸಿದ್ಧವಾಗಿ, 19ನೆಯ ಶತಮಾನವೆಲ್ಲ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯಿತು. ನಾವು ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸೆಯೇ ಅದು! ಎರಡೂ ಕಡೆಗೆ ಇದ್ದದ್ದು ಒಂದೇ ಅನುಭವ: ಗಾಯಕ್ಕೆ ಗಾಳಿ ತಾಕದಿದ್ದರೆ ಉರಿ ತಗ್ಗುತ್ತದೆ. ಎರಡೂ ಕಡೆಗೆ ಇಲ್ಲದ್ದೂ ಒಂದೇ: ಗಾಯದೊಳಗೆ ನಂಜು ಹೇಗೆ ಸೇರುವದು, ಆಳವಾಗಿ ಸುಟ್ಟವರು ಎರಡು ಮೂರು ದಿವಸಗಳಲ್ಲಿ ಏಕೆ ಸಾಯುವರೆಂಬ ಅರಿವು.

ಆ ಅರಿವು ಬಂದದ್ದು ಅನಾಹುತಗಳಿಂದ. 1921ರಲ್ಲಿ ಅಮೇರಿಕೆಯ ನ್ಯೂ ಹೇವನ್ ಪಟ್ಟಣದ ನಾಟಕಗೃಹವೊಂದಕ್ಕೆ ಬೆಂಕಿ ಬಿದ್ದಿತು. ಅಲ್ಲಿ ಸುಟ್ಟವರ ಗುಳ್ಳೆಗಳ ನೀರನ್ನು ಫ್ರ್ಯಾಂಕ್ ಅಂಡರ್‌ಹಿಲ್ ಎಂಬ ವಿದ್ವಾಂಸನು ಪರೀಕ್ಷಿಸಿ, ಅದು ಬಹುತೇಕ ರಕ್ತದೊಳಗಿನ ದ್ರವವೇ ಎಂದು ಕಂಡನು. ಅಂದರೆ ಮೈ ಸುಟ್ಟಾಗ ರಕ್ತದ ನೀರು ನಾಳಗಳಿಂದ ಸೋರಿಹೋಗುತ್ತದೆ. ಸುಶ್ರುತನು ಹೇಳಿದ ಬಾಯಾರಿಕೆಗೂ ಮೂರ್ಛೆಗೂ ಇದೇ ಕಾರಣ. ಸುಟ್ಟವನನ್ನು ಮೊದಲೆರಡು ದಿವಸಗಳಲ್ಲಿ ಕೊಲ್ಲುವದು ಉರಿಯಲ್ಲ, ಈ ಒಳಗಿನ ಬರ. ಬರದ ಸೀಮೆಯವರಾದ ನಮಗೆ ಈ ಮಾತು ಬೇಗ ಹೊಳೆಯಬೇಕು.

ಎರಡನೆಯ ಪಾಠ 1942ರ ನವ್ಹೆಂಬರ 28ರಂದು ಬೋಸ್ಟನ್ನಿನಲ್ಲಿ. ಕೋಕೋನಟ್ ಗ್ರೋವ್ ಎಂಬ ವಿನೋದಗೃಹಕ್ಕೆ ಬೆಂಕಿ ಹತ್ತಿ 492 ಜನ ಸತ್ತರು. ಆ ರಾತ್ರಿ ಮ್ಯಾಸಾಚುಸೆಟ್ಸ್ ಜನರಲ್ ಆಸ್ಪತ್ರೆಗೆ ಸ್ವಲ್ಪ ಹೊತ್ತಿನಲ್ಲಿಯೇ 114 ಜನರನ್ನು ತಂದರು. ಬದುಕಿ ಚಿಕಿತ್ಸೆಗೆ ಉಳಿದವರು 39. ಅಲ್ಲಿಯ ವರೆಗೆ ಪ್ರಚಾರದಲ್ಲಿದ್ದ ಪದ್ಧತಿಯೆಂದರೆ, ತೊಗಲು ಹದ ಮಾಡಲು ಬಳಸುವ ಟ್ಯಾನಿಕ್ ಆಮ್ಲದಿಂದ ಗಾಯವನ್ನು ಹದಗೊಳಿಸಿ ಗಟ್ಟಿ ಪದರು ಕಟ್ಟಿಸುವದು. ಅದಕ್ಕೆ ಗಾಯವನ್ನು ಉಜ್ಜಿ ಸ್ವಚ್ಛ ಮಾಡಬೇಕು. ಉಜ್ಜುವದಕ್ಕೆ ಕೈಗಳು ಬೇಕು, ಹೊತ್ತು ಬೇಕು. ಆಲಿವರ್ ಕೋಪ್ ಮುಂತಾದ ಅಲ್ಲಿಯ ವೈದ್ಯರು ಅದನ್ನೆಲ್ಲ ಬಿಟ್ಟು ವ್ಹ್ಯಾಸಲೀನ ಸವರಿದ ತೆಳು ಅರಿವೆಯ ಪಟ್ಟಿಗಳನ್ನು ಸುತ್ತಿ, ನಾಳಗಳೊಳಗೆ ದ್ರವವನ್ನು ತುಂಬುವದಕ್ಕೆ ತಮ್ಮ ಶಕ್ತಿಯನ್ನು ಉಳಿಸಿಕೊಂಡರು. ಫಲ ಚೆನ್ನಾಗಿ ಬಂತು. ಟ್ಯಾನಿಕ್ ಆಮ್ಲವು ಯಕೃತ್ತನ್ನು ಕೆಡಿಸುವದೆಂದು ಗೊತ್ತಾಗಿ ಅದು ಬಳಕೆಯಿಂದಲೇ ಹೋಯಿತು. ಕೈಗಳು ಕಡಮೆಯಿದ್ದಾಗ ಸರಳವಾದ ಕಟ್ಟೇ ಮೇಲೆಂಬುದನ್ನು ಸಂಪತ್ತಿನ ನಾಡಿನವರೂ ಕಲಿಯಬೇಕಾಯಿತು.

ನಮ್ಮ ಕನ್ನಡ ನಾಡಿಗೆ ಅಂಥ ದಿವಸ ಬಂದದ್ದು 1981ರ ಫೆಬ್ರುವರಿ 7ರಂದು. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ, 90ಕ್ಕೂ ಮೇಲ್ಪಟ್ಟು ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಸರ್ಕಸ್ಸು ನೋಡಲೆಂದು ಹೊಸ ಅಂಗಿ ತೊಟ್ಟು ಹೋದ ಮಕ್ಕಳು. ಈ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಆ ನಗರದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಕರ್ನಾಟಕದ ಮೊದಲನೆಯ ಚರ್ಮನಿಧಿ ಆರಂಭವಾಯಿತು. ಅದರ ವಿಷಯ ಮುಂದೆ ಬರುತ್ತದೆ.

ಈಗ ನಾನು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವಾದ ಎರಡು ಪ್ರಯೋಗಗಳಿಗೆ ಬರುತ್ತೇನೆ. ಎರಡೂ ನಾವು ಇರುವ ಈ ಮಹಾರಾಷ್ಟ್ರದಲ್ಲಿಯೇ ನಡೆದವು. ಒಂದಂತೂ ನಮ್ಮ ನೆರೆಯಲ್ಲಿಯೇ.

1968ರಲ್ಲಿ ಅಮೇರಿಕೆಯ ಚಾರ್ಲ್ಸ್ ಫಾಕ್ಸ್ ಎಂಬವರು ಬೆಳ್ಳಿ ಮತ್ತು ಸಲ್ಫಾ ಕೂಡಿಸಿದ ಬಿಳಿಯ ಮುಲಾಮನ್ನು ಬಳಕೆಗೆ ತಂದರು. ಸಿಲ್ವರ್ ಸಲ್ಫಾಡಯಾಜಿನ್ ಎಂಬ ಆ ಮುಲಾಮು ಇಂದಿಗೂ ಎಲ್ಲ ದವಾಖಾನೆಗಳಲ್ಲಿ ಇರುತ್ತದೆ. ಒಳ್ಳೆಯ ಮದ್ದೇ, ಆದರೆ ಅರ್ಧ ಮೈ ಸುಟ್ಟವನಿಗೆ ದಿನಾಲು ಹಚ್ಚಲು ಎಷ್ಟು ಬೇಕು, ಅದರ ಮೇಲೆ ಕಟ್ಟುವ ಗಾಝ್ ಪಟ್ಟಿ ಎಷ್ಟು ಬೇಕು! ಅದಲ್ಲದೆ ಒಣಗಿ ಅಂಟಿದ ಪಟ್ಟಿಯನ್ನು ಬಿಚ್ಚುವಾಗ ಹೊಸದಾಗಿ ಬಂದ ಎಳೆಯ ಚರ್ಮವೂ ಕಿತ್ತುಬರುವದು. ರೋಗಿಗಳ ಗೋಳು ವಾರ್ಡಿನ ಆಚೆಗೂ ಕೇಳುವದು. ಮುಂಬಯಿಯ ಪರಳದಲ್ಲಿರುವ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಸುಟ್ಟ ಕೂಸುಗಳ ಶುಶ್ರೂಷೆ ಮಾಡುತ್ತಿದ್ದ ಡಾ. ಎಂ. ಎಚ್. ಕೇಶವಾನಿಯವರು ಇದಕ್ಕೊಂದು ಉಪಾಯವನ್ನು ಹುಡುಕಿದರು. ಕುದಿಸಿದ ಬಟಾಟೆಯ ಸಿಪ್ಪೆಯನ್ನು ಗಾಝ್ ಪಟ್ಟಿಯ ಮೇಲೆ ಒಂದಕ್ಕೊಂದು ಹೊಂದಿಸಿ ಅಂಟಿಸಿ, ಕ್ರಿಮಿಶುದ್ಧ ಮಾಡಿ ಗಾಯಕ್ಕೆ ಹಾಸುವದು. ನಾವು ದನದ ಮುಸುರೆಗೆ ಹಾಕುವ ಸಿಪ್ಪೆ! 1985ರಲ್ಲಿ ಅವರೂ ಅವರ ಸಂಗಡಿಗರೂ ಇದನ್ನು 'ಬರ್ನ್ಸ್' ಎಂಬ ಅಂತರರಾಷ್ಟ್ರೀಯ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಸಿಪ್ಪೆಯು ಗಾಯವನ್ನು ಒಣಗಗೊಡುವದಿಲ್ಲ, ಆದುದರಿಂದ ಮೇಲ್ಪದರಿನ ಚರ್ಮದ ಕಣಗಳು ಬದುಕಿ ಉಳಿದು ಬೇಗ ಹರಡುತ್ತವೆ, ಬಿಚ್ಚುವಾಗ ನೋವಿಲ್ಲ. ಆದರೆ ಅದಕ್ಕೆ ಕ್ರಿಮಿಗಳನ್ನು ಕೊಲ್ಲುವ ಗುಣವಿಲ್ಲ. 1990ರಲ್ಲಿ ಅದೇ ವೈದ್ಯರು ಗಾಯಗಳ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ಸಿಪ್ಪೆಯ ಕೆಳಗೂ ಕ್ರಿಮಿಗಳು ಇದ್ದೇ ಇದ್ದವೆಂದು ಸ್ವತಃ ಬರೆದರು. ತಾನು ಕಂಡುಹಿಡಿದ ಮದ್ದಿನ ಕೊರತೆಯನ್ನು ತಾನೇ ಅಚ್ಚು ಹಾಕಿಸುವದು ಸಣ್ಣ ಗುಣವಲ್ಲ.

ಎರಡನೆಯದು ಸೋಲಾಪುರದ್ದು. ಸಿದ್ಧರಾಮನ ಆ ಊರು ನಮಗೆ ಹೊಸದಲ್ಲ; ಸಂತೆಗೆ, ಜಾತ್ರೆಗೆ, ಚಾದರ ತರಲಿಕ್ಕೆ, ದವಾಖಾನೆಗೆ ನಮ್ಮವರು ಹೋಗುತ್ತಲೇ ಇರುವರು. ಅಲ್ಲಿಯ ಡಾ. ವೈಶಂಪಾಯನ ಸ್ಮಾರಕ ವೈದ್ಯಕೀಯ ಮಹಾವಿದ್ಯಾಲಯದ ಶಸ್ತ್ರವೈದ್ಯರಾದ ಡಾ. ಎಂ. ಸುಬ್ರಹ್ಮಣ್ಯಂ ಅವರು ಸುಟ್ಟ ಗಾಯಕ್ಕೆ ಜೇನುತುಪ್ಪವನ್ನು ಪರೀಕ್ಷಿಸಿದರು. 'ಪರೀಕ್ಷಿಸಿದರು' ಎಂಬ ಶಬ್ದವನ್ನು ಬೇಕೆಂದೇ ಬರೆದಿದ್ದೇನೆ. ಜೇನು ಒಳ್ಳೆಯದೆಂದು ಅಜ್ಜಿಯರೂ ಹೇಳುತ್ತಾರೆ, ಗ್ರಂಥಗಳೂ ಹೇಳುತ್ತವೆ. ಎಷ್ಟು ಒಳ್ಳೆಯದು, ಯಾವುದಕ್ಕಿಂತ ಒಳ್ಳೆಯದು ಎಂದು ಕೇಳಿ ನೋಡಿದವರು ವಿರಳ. ಅವರು ಮೇಲ್ಮೇಲೆ ಸುಟ್ಟ 104 ರೋಗಿಗಳನ್ನು 52-52ರ ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಜೇನಿನಲ್ಲಿ ನೆನೆಸಿದ ಗಾಝ್, ಇನ್ನೊಂದಕ್ಕೆ ಬೆಳ್ಳಿಯ ಮುಲಾಮಿನ ಗಾಝ್. ಏಳು ದಿವಸಗಳೊಳಗೆ ಜೇನಿನ ಪಂಗಡದಲ್ಲಿ ಶೇಕಡಾ 91ರಷ್ಟು ಗಾಯಗಳು ಕ್ರಿಮಿರಹಿತವಾದವು; ಮುಲಾಮಿನ ಪಂಗಡದಲ್ಲಿ ಶೇಕಡಾ 7 ಮಾತ್ರ. 15 ದಿವಸಗಳೊಳಗೆ ಮಾಯ್ದ ಗಾಯಗಳು ಅಲ್ಲಿ ಶೇಕಡಾ 87, ಇಲ್ಲಿ ಶೇಕಡಾ 10. 1991ರಲ್ಲಿ 'ಬ್ರಿಟಿಶ್ ಜರ್ನಲ್ ಆಫ್ ಸರ್ಜರಿ'ಯಲ್ಲಿ ಈ ಲೆಕ್ಕ ಪ್ರಕಟವಾಯಿತು. ನಮ್ಮ ನೆರೆಯ ಜಿಲ್ಲೆಯ ವಾರ್ಡಿನಿಂದ ಹೊರಟ ಎರಡು ಪುಟಗಳು ವಿಲಾಯತಿಯ ವೈದ್ಯರ ಗಮನವನ್ನು ಜೇನುತುಪ್ಪದ ಕಡೆಗೆ ತಿರುಗಿಸಿದವು.

ಜೇನು ಹೀಗೇಕೆ ಮಾಡುವದು? ಅದರಲ್ಲಿ ಸಕ್ಕರೆ ಅತಿಯಾಗಿದ್ದು ನೀರು ಅತ್ಯಲ್ಪ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಅಲ್ಲಿ ಸಕ್ಕರೆ ಮಾಡಿ, ಕ್ರಿಮಿಗಳ ನೀರನ್ನು ಹೀರಿಬಿಡುತ್ತದೆ. ಅದು ಸ್ವಲ್ಪ ಹುಳಿ; ಹುಳಿಯಲ್ಲಿ ಕ್ರಿಮಿಗಳು ಬೆಳೆಯಲಾರವು. ಗಾಯದ ಪಸೆಯೊಡನೆ ಬೆರೆತಾಗ ಜೇನುಹುಳ ಬೆರಸಿದ ಒಂದು ಕಿಣ್ವದ ದೆಸೆಯಿಂದ ಹೈಡ್ರೋಜನ್ ಪೆರಾಕ್ಸೈಡ್ ಎಂಬ ಕ್ರಿಮಿನಾಶಕ ಮೆಲ್ಲ ಮೆಲ್ಲನೆ ಹುಟ್ಟುತ್ತದೆ. ಪಟ್ಟಿ ಗಾಯಕ್ಕೆ ಅಂಟುವದೂ ಇಲ್ಲ.

ಅದೇ ಡಾಕ್ಟರರು 1996ರಲ್ಲಿ ಮುಂಬಯಿಯ ಬಟಾಟೆ ಸಿಪ್ಪೆಯನ್ನೂ ಸೋಲಾಪುರದ ಜೇನನ್ನೂ 100 ರೋಗಿಗಳಲ್ಲಿ ಎದುರು-ಬದುರು ನಿಲ್ಲಿಸಿದ ಲೆಕ್ಕವನ್ನು ಪ್ರಕಟಿಸಿದರು. ಜೇನಿನ ಪಂಗಡದವರ ಗಾಯಗಳೆಲ್ಲ 15 ದಿವಸಗಳೊಳಗೆ ಮಾಯ್ದವು. ಸಿಪ್ಪೆಯ ಪಂಗಡದಲ್ಲಿ ಅರ್ಧದಷ್ಟು. ಇಷ್ಟಕ್ಕೇ ನಿಂತಿದ್ದರೆ ಅವರನ್ನು ಜೇನಿನ ವಕೀಲರೆನ್ನಬಹುದಾಗಿತ್ತು. ಆದರೆ 1999ರಲ್ಲಿ ಅವರೇ ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿ, ಸಾಧಾರಣ ಪ್ರಮಾಣದ ಸುಟ್ಟ ಗಾಯಗಳಲ್ಲಿ ಸತ್ತ ಚರ್ಮವನ್ನು ಬೇಗನೆ ಹೆರೆದು ತೆಗೆದು ಹೊಸ ಚರ್ಮ ಕಸಿ ಮಾಡುವದೇ ಜೇನಿನ ಕಟ್ಟಿಗಿಂತ ಮೇಲೆಂದು ಬರೆದರು. ನನಗೆ ಅವರಲ್ಲಿ ಗೌರವ ಹೆಚ್ಚಿದ್ದು ಈ ಲೇಖನದ ವಿಷಯ ತಿಳಿದಾಗ. ಜೇನಿನ ಪರೀಕ್ಷೆಗಳಲ್ಲಿ ಬಹಳಷ್ಟು ಒಬ್ಬರ ಕೈಯಿಂದಲೇ ಬಂದವೆಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ಅದು ನ್ಯಾಯವಾದ ಆಕ್ಷೇಪವೇ. ಆದಾಗ್ಯೂ 2015ರಲ್ಲಿ ಎಲ್ಲ ಪರೀಕ್ಷೆಗಳನ್ನು ಕೂಡಿಸಿ ತೂಗಿದ ಕೊಕ್ರೇನ್ ಸಂಸ್ಥೆಯವರು, ಅರ್ಧ ಆಳದ ಸುಟ್ಟ ಗಾಯಗಳು ಜೇನಿನಿಂದ ನಾಲ್ಕೈದು ದಿವಸ ಮೊದಲು ಮಾಯುತ್ತವೆಂದು ಒಪ್ಪಿದ್ದಾರೆ.

ಇಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆ ಅವಶ್ಯ. ಇದನ್ನೋದಿ ಯಾರೂ ಅಂಗಡಿಯ ಜೇನಿನ ಬಾಟಲಿಯನ್ನಾಗಲಿ ಅಡಿಗೆಮನೆಯ ಬಟಾಟೆ ಸಿಪ್ಪೆಯನ್ನಾಗಲಿ ಗಾಯಕ್ಕೆ ಹಚ್ಚಬಾರದು. ದವಾಖಾನೆಯವರು ಬಳಸುವದು ಗಾಯಕ್ಕೆಂದೇ ಶುದ್ಧಿಗೊಳಿಸಿದ ಜೇನು; ಅದೂ ಗಾಯದ ಆಳವನ್ನು ನೋಡಿದ ಮೇಲೆ. ಮನೆಯ ಕೆಲಸ ನೀರು ಮತ್ತು ಶುಭ್ರವಾದ ಅರಿವೆಗಳಿಗೆ ಮುಗಿಯುತ್ತದೆ.

ಬಾಳೆಯ ಎಲೆಯ ಮಾತನ್ನೂ ಹೇಳಿಬಿಡುವೆ. ಮೈ ತುಂಬ ಗುಳ್ಳೆಯೆದ್ದವರನ್ನು ಬಾಳೆಯೆಲೆಯ ಮೇಲೆ ಮಲಗಿಸುವದು ದಕ್ಷಿಣದಲ್ಲಿ ಹಳೆಯ ರೂಢಿ. ಮುಂಬಯಿಯ ಶೀವದ ಲೋಕಮಾನ್ಯ ಟಿಳಕ ಆಸ್ಪತ್ರೆಯ ಡಾ. ಮಾಧುರಿ ಗೋರೆಯವರು ಆ ಎಲೆಯನ್ನೇ ಕ್ರಿಮಿಶುದ್ಧ ಮಾಡಿ ಗಾಯಕ್ಕೆ ಕಟ್ಟಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಮೊದಲ ಚರ್ಮನಿಧಿಯನ್ನು 2000ದಲ್ಲಿ ಅದೇ ಆಸ್ಪತ್ರೆಯಲ್ಲಿ ಆರಂಭಿಸಿದವರೂ ಅವರೇ. ಸತ್ತವರ ತೊಡೆ ಬೆನ್ನುಗಳಿಂದ ಕಾಗದದಷ್ಟು ತೆಳುವಾದ ಚರ್ಮದ ಪದರನ್ನು ಆರು ತಾಸಿನೊಳಗೆ ತೆಗೆದು, ಗ್ಲಿಸರಿನ್ನಿನಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡದು. ರಕ್ತದ ಗುಂಪು ಹೊಂದಬೇಕೆಂದಿಲ್ಲ. ದೇಹವೇನೂ ವಿಕಾರವಾಗುವದಿಲ್ಲ. ಸ್ವಂತ ಚರ್ಮವಿಲ್ಲದಷ್ಟು ಸುಟ್ಟವನಿಗೆ ಅದು ಕೆಲವು ವಾರಗಳ ಹೊದಿಕೆಯಾಗಿ ಜೀವ ಉಳಿಸುತ್ತದೆ. ನೇತ್ರದಾನದ ಮಾತು ನಮ್ಮ ಹಳ್ಳಿಗಳಿಗೆ ಬಂದಿದೆ. ಚರ್ಮದಾನದ್ದು ಇನ್ನೂ ಬರಬೇಕಾಗಿದೆ.

ಒಳಗಿನ ಬರದ ವಿಷಯವನ್ನು ಮೇಲೆ ಹೇಳಿ ಬಿಟ್ಟಿದ್ದೆ. ಅದಕ್ಕೆ ಲೆಕ್ಕವುಂಟು, ಏಳನೆಯ ಇಯತ್ತೆಯ ಹುಡುಗರೂ ಮಾಡಬಹುದು. 1951ರಲ್ಲಿ ಎಡಿನ್‌ಬರೋದ ಅಲೆಕ್ಝಾಂಡರ್ ವ್ಯಾಲೇಸ್ ಅವರು ಪ್ರಕಟಿಸಿದ ಒಂಬತ್ತರ ಲೆಕ್ಕದಂತೆ ದೊಡ್ಡವರ ಮೈಯಲ್ಲಿ ತಲೆ ಶೇಕಡಾ 9, ಒಂದೊಂದು ಕೈ 9, ಒಂದೊಂದು ಕಾಲು 18, ಎದೆ-ಹೊಟ್ಟೆ 18, ಬೆನ್ನು 18, ಉಳಿದದ್ದು 1. ಕೂಸುಗಳಿಗೆ ತಲೆ ದೊಡ್ಡದು, ಕಾಲು ಸಣ್ಣವು. ಡಲ್ಲಾಸಿನ ಚಾರ್ಲ್ಸ್ ಬ್ಯಾಕ್ಸ್ಟರ್ ಅವರು 1968ರಲ್ಲಿ ಕೊಟ್ಟ ಸೂತ್ರದಂತೆ ತೂಕ, ಸುಟ್ಟ ಶೇಕಡಾ, ಇವುಗಳನ್ನು ಗುಣಿಸಿ ನಾಲ್ಕರಿಂದ ಮತ್ತೆ ಗುಣಿಸಬೇಕು. 50 ಕಿಲೋ ತೂಕದವಳಿಗೆ ಶೇಕಡಾ 20 ಸುಟ್ಟಿದ್ದರೆ 4000 ಮಿಲಿಲೀಟರ, ಅಂದರೆ 4 ಲೀಟರ ಸಲಾಯಿನ್ ಒಂದು ದಿವಸಕ್ಕೆ. ಅದರ ಅರ್ಧ ಮೊದಲಿನ 8 ತಾಸಿನೊಳಗೆ. ಈ 8 ತಾಸುಗಳನ್ನು ಎಣಿಸುವದು ದವಾಖಾನೆ ಮುಟ್ಟಿದಾಗಿನಿಂದಲ್ಲ, ಸುಟ್ಟ ಗಳಿಗೆಯಿಂದ. ಉಮದಿ, ಸಂಖಗಳ ಆಚೆಯ ಹಳ್ಳಿಯಿಂದ ಮಿರಜೆಗೋ ವಿಜಾಪುರಕ್ಕೋ ಮುಟ್ಟುವಷ್ಟರಲ್ಲಿ ಅದರಲ್ಲಿ ಎಷ್ಟು ಹೊತ್ತು ಹೋಯಿತೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ಸಾಮೂಹಿಕ ದುರಂತಗಳಲ್ಲಿ ಸಲಾಯಿನ್ ಸಾಲದೆ ಹೋದಾಗ, ಎಚ್ಚರವಿದ್ದು ವಾಂತಿಯಿಲ್ಲದವರಿಗೆ ಉಪ್ಪು-ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಬಹುದೆಂದು ಈಗಿನ ತಜ್ಞರು ಒಪ್ಪಿದ್ದಾರೆ. 1971ರಲ್ಲಿ ಬಂಗಾಲದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ ಮಹಾಲನಬಿಸ್ ಅವರು ಕಾಲರಾ ರೋಗಿಗಳನ್ನು ಉಳಿಸಿದ್ದು ಇಂಥ ನೀರಿನಿಂದಲೇ.

ಭಾಷೆಯ ಮಾಸ್ತರನಿಗೆ ಇದರಲ್ಲೇನು ಕೆಲಸವೆಂಬ ಪ್ರಶ್ನೆಗೆ ಈಗ ಉತ್ತರ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಒಲೆಯ ಮುಂದೆ ಸುಟ್ಟುಕೊಂಡಳು. ತಾಲೂಕಿನ ಪೂರ್ವಭಾಗದ ಹಳ್ಳಿಯವಳು. ಕನ್ನಡವಲ್ಲದೆ ಬೇರೆ ಅರಿಯಳು. ದೊಡ್ಡ ಊರಿನ ದವಾಖಾನೆಯೊಂದಕ್ಕೆ ಅವಳ ಸಂಗಡ ನಾನೂ ಹೋಗಿದ್ದೆ. ನರ್ಸಬಾಯಿ ಮರಾಠಿಯಲ್ಲಿ ಅಂತಃಕರಣದಿಂದಲೇ, "ಆಗ ಹೋತೇ ಕಾ?" ಎಂದು ಕೇಳಿದಳು. ಉರಿಯುತ್ತಿದೆಯೇ ಎಂದು ಅದರ ಅರ್ಥ. ನಮ್ಮ ಹೆಣ್ಣುಮಗಳ ಕಿವಿಗೆ ಬಿದ್ದದ್ದು 'ಆಗ' ಎಂಬ ಒಂದೇ ಶಬ್ದ. ಆಗ ಏನಾಯಿತೆಂದು ಕೇಳುತ್ತಿರುವಳೆಂದು ತಿಳಿದು, "ಆಗ ನಾ ರೊಟ್ಟಿ ಮಾಡಾಕತ್ತಿದ್ದೆರಿ" ಎಂದು ಮೊದಲಿನಿಂದ ಕಥೆಯನ್ನು ಹೇಳತೊಡಗಿದಳು. ಪಕ್ಕದ ಮಂಚದವರು ನಕ್ಕರು. ನನಗೆ ನಗು ಬರಲಿಲ್ಲ. ಉರಿ ಇದೆಯೋ ಇಲ್ಲವೋ ಎಂಬುದರಿಂದ ಗಾಯದ ಆಳ ತಿಳಿಯುತ್ತದೆ; ತೀರ ಆಳವಾಗಿ ಸುಟ್ಟಲ್ಲಿ ನರಗಳೇ ಸತ್ತು ನೋವು ಇರುವದಿಲ್ಲ. ಅವಳು ಗುಣವಾಗಿ ಮನೆಗೆ ಬಂದಳು. ಗುಣವಾಗಿ ಬಾರದವರ ವಿಷಯವನ್ನು ನೆನೆಯಬೇಕು. ಸುಟ್ಟ ಹೆಂಗಸಿನ ಮಂಚದ ಹತ್ತಿರಕ್ಕೆ ಪೋಲೀಸರು ಬರುವರು, ಮ್ಯಾಜಿಸ್ಟ್ರೇಟರು ಬರುವರು. ಸಾಯುವ ಮುನ್ನ ಅವಳು ಹೇಳಿದ ಮಾತಿಗೆ ನ್ಯಾಯಾಲಯದಲ್ಲಿ ಬಹಳ ಬೆಲೆಯುಂಟು. ಒಲೆ ಸಿಡಿಯಿತೇ, ಯಾರಾದರೂ ಹಚ್ಚಿದರೇ ಎಂಬುದು ಆ ನಾಲ್ಕು ಮಾತುಗಳ ಮೇಲೆ ನಿಂತಿರುತ್ತದೆ. ಆ ಮಾತನ್ನು ಅವಳು ತನ್ನ ಭಾಷೆಯಲ್ಲಿ ಆಡುವಂತಾಗಬೇಕು, ಬರೆದುಕೊಳ್ಳುವವರಿಗೆ ಅದು ತಿಳಿಯುವಂತಾಗಬೇಕು. ಬಾಗಿಲಲ್ಲಿ ನಿಂತ ಗಂಡನ ಕಡೆಯವರು ದುಭಾಷಿಗಳಾದರೆ ಏನು ಬರೆಯಲ್ಪಟ್ಟೀತೆಂಬುದನ್ನು ನಾನು ವಿವರಿಸಬೇಕಾಗಿಲ್ಲ. 1956ರಲ್ಲಿಯೂ 1960ರಲ್ಲಿಯೂ ಗಡಿಗೆರೆಗಳು ಎಲ್ಲಿ ಬಿದ್ದವೋ ಬಿದ್ದವು. ದವಾಖಾನೆಯಲ್ಲಿ ಕನ್ನಡ ಬಲ್ಲ ಒಬ್ಬ ಮನುಷ್ಯ ಇರಬೇಕೆಂದು ಕೇಳುವದಕ್ಕೆ ಯಾವ ಗೆರೆಯೂ ಅಡ್ಡ ಬರುವದಿಲ್ಲ.

ಬಾಟಲಿ ಚಿಮಣಿಯ ಕಥೆಗೆ ಒಂದು ಉತ್ತರಾರ್ಧವಿದೆ. ಸಿಂಹಳದಲ್ಲಿಯೂ ಬಡವರ ದೀಪ ಅಂಥದೇ. ಅಲ್ಲಿಯೂ ಅದು ಉರುಳಿ ಜನ ಸುಡುತ್ತಿದ್ದರು. ಸುಟ್ಟವರನ್ನು ನೋಡಿ ನೋಡಿ ಬೇಸತ್ತ ವಿಜಯ ಗೋಡಕುಂಬುರ ಎಂಬ ಶಸ್ತ್ರವೈದ್ಯರು ಕುಳ್ಳಾದ, ಭಾರವಾದ, ಎರಡು ಮಗ್ಗಲು ಚಪ್ಪಟೆಯಾದ, ತಿರುಪಿನ ಮುಚ್ಚಳದ ಗಾಜಿನ ದೀಪವೊಂದನ್ನು ಮಾಡಿಸಿದರು. ಉರುಳಿದರೂ ಅದು ಹೊರಳುತ್ತ ಹೋಗುವದಿಲ್ಲ, ಎಣ್ಣೆ ಚೆಲ್ಲುವದಿಲ್ಲ. 1998ರಲ್ಲಿ ಅವರಿಗೆ ಇದಕ್ಕಾಗಿ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ನಮ್ಮಲ್ಲಿ ಆ ದೀಪ ಬರುವ ಬದಲು ವಿದ್ಯುತ್ತು ಬಂತು, 2016ರ ನಂತರ ಉಜ್ವಲಾ ಯೋಜನೆಯ ಗ್ಯಾಸು ಬಂತು. ಚಿಮಣಿ ಎಣ್ಣೆಯ ಸ್ಟೋ ಅಟ್ಟಕ್ಕೇರಿತು. ಆದರೆ ಕಬ್ಬು ಕಡಿಯಲು ಹೋದವರ ಗುಡಿಸಲುಗಳಲ್ಲಿ ಮೂರು ಕಲ್ಲಿನ ಒಲೆ ಇದ್ದೇ ಇದೆ. ಕುದಿಯುವ ಸಾರು, ಹಾಲು, ಜಳಕದ ನೀರು ಇವಂತೂ ಎಲ್ಲರ ಮನೆಯಲ್ಲಿ ನೆಲದ ಮೇಲೆಯೇ ಇರುತ್ತವೆ, ಕೂಸುಗಳು ಅಂಬೆಗಾಲಿಕ್ಕುವದೂ ಅಲ್ಲಿಯೇ.

ಹೋದ ವರ್ಷ ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ನಾನು ಇದನ್ನೆಲ್ಲ ಹೇಳಿ, 20 ನಿಮಿಷ ತಣ್ಣೀರು, ಕೈ ಬಾತುಕೊಳ್ಳುವದರೊಳಗೆ ಬಳೆ-ಉಂಗುರಗಳನ್ನು ತೆಗೆಯುವದು, ತೊಳೆದ ಅರಿವೆಯ ಹೊದಿಕೆ, 108ಕ್ಕೆ ಫೋನು, ಇಷ್ಟನ್ನು ಕನ್ನಡದಲ್ಲಿ ಬರೆಸಿದ ಹಲಗೆಯನ್ನು ಮಧ್ಯಾಹ್ನದ ಅಡಿಗೆಯ ಕೋಣೆಗೆ ತೂಗುಹಾಕಿದೆ. ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, "ಸರ್, ಬ್ಯಾಸಗಿ ದಿನದಾಗ ನಮ್ಮೂರಿಗೆ ಟ್ಯಾಂಕರ್ ಮೂರು ದಿನಕ್ಕೊಮ್ಮೆ ಬರತೈತ್ರಿ. ಇಪ್ಪತ್ತು ನಿಮಿಷ ಹರಿಯೂ ನೀರ ಎಲ್ಲಿಂದ ತರೂಣ್ರಿ?" ಎಂದು ಕೇಳಿದಳು. ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ. ಮರುದಿವಸ ಎಂಟನೆಯ ಇಯತ್ತೆಯ ಹುಡುಗ-ಹುಡುಗಿಯರು ಗಡಿಯಾರ ಹಿಡಿದು, ಒಬ್ಬನ ಮುಂಗೈಯ ಮೇಲೆ ತಂಬಿಗೆಯಿಂದ ಸಣ್ಣಗೆ ನೀರು ಬಿಡುತ್ತ ಎಣಿಸಿ ನೋಡಿದರು. ಎರಡು ಕೊಡಕ್ಕೆ 20 ನಿಮಿಷ ತುಂಬಿತು. ಅಷ್ಟೂ ಇಲ್ಲದ ಮನೆಯಲ್ಲಿ ಶುಭ್ರ ಅರಿವೆಯನ್ನು ತೋಯಿಸಿ ಹಾಸಿ, ಅದು ಬೆಚ್ಚಗಾದ ಕೂಡಲೆ ಬದಲಿಸುತ್ತ ಹೋಗಬೇಕು. ಹಲಗೆಯ ಮೇಲೆ 20 ನಿಮಿಷವೆಂದಿದ್ದ ಕಡೆಗೆ 'ಎರಡು ಕೊಡ' ಎಂದು ಹುಡುಗರು ಸುಣ್ಣದಿಂದ ಸೇರಿಸಿದ್ದಾರೆ.